ಗಲ್ಲಾದಲ್ಲಿ ಸಿಕ್ಕ ಐದು ನಾಣ್ಯ: ಮಿಂಟ್‌ನಲ್ಲೇ ತಪ್ಪಾಗಿದ್ದಾ, ಆಮೇಲೆ ಯಾರೋ ಕೆಡಿಸಿದ್ದಾ?

ಹರಿಹರ ಕಿರಾಣಿ:

ಎಲ್ಲರಿಗೂ ನಮಸ್ಕಾರ. ಹರಿಹರದಲ್ಲಿ ನಮ್ಮದು ಕಿರಾಣಿ ಅಂಗಡಿ. ಈಗ ದೊಡ್ಡ ಸಾಮಾನಿಗೆಲ್ಲ ಜನ ಸ್ಕ್ಯಾನ್ ಮಾಡಿ ಹೋಗ್ತಾರೆ, ಆದರೂ ಬೀಡಿ, ಬೆಂಕಿಪೊಟ್ಟಣ, ಶಾಂಪೂ ಪ್ಯಾಕೆಟ್ಟಿಗೆ ಚಿಲ್ಲರೆ ಬರುತ್ತಲೇ ಇರುತ್ತೆ. ರಾತ್ರಿ ಗಲ್ಲಾ ಎಣಿಸುವಾಗ ವಿಚಿತ್ರ ಅನಿಸಿದ್ದನ್ನು ಎತ್ತಿ ಒಂದು ಡಬ್ಬಿಗೆ ಹಾಕಿಡ್ತೀನಿ. ಹಾಗೆ ಸೇರಿದ್ದರಲ್ಲಿ ಐದು ನಾಣ್ಯ ನನ್ನ ತಲೆ ತಿಂತಾ ಇವೆ.

ಮೊದಲನೆಯದು 2013ರ ಹಳದಿ 5 ರೂಪಾಯಿ. ಅಂಚಲ್ಲಿ ಒಂದು ಕಡೆ ಬಿದಿಗೆ ಚಂದ್ರನ ಆಕಾರಕ್ಕೆ ತುಂಡು ಹೋಗಿದೆ, ಯಾರೋ ಕಚ್ಚಿದ ಹಾಗೆ. ಎರಡನೆಯದು 2012ರ 2 ರೂಪಾಯಿ, ಸಿಂಹದ ಕಡೆ ಸರಿಯಾಗಿದೆ, ತಿರುಗಿಸಿದರೆ ಏನೂ ಇಲ್ಲ, ಸಪಾಟು. ಮೂರನೆಯದು 2015ರ 1 ರೂಪಾಯಿ. ಸಿಂಹ ನೆಟ್ಟಗೆ ಹಿಡಿದು ತಿರುಗಿಸಿದರೆ ಹಿಂದಿನ 1 ಅಡ್ಡ ಮಲಗಿರುತ್ತೆ. ನಾಲ್ಕನೆಯದು 2014ರ 10 ರೂಪಾಯಿ, ಅದರಲ್ಲಿ ಒಳಗಿನ ಬಿಳಿ ಭಾಗದ ಸಿಂಹ ಹೊರಗಿನ ಹಳದಿ ಉಂಗುರದ ಇಂಡಿಯಾ ಅನ್ನೋ ಅಕ್ಷರದ ಕಡೆ ವಾಲಿಕೊಂಡಿದೆ. ಐದನೆಯದು ಪೂರ್ತಿ ಚಿನ್ನದ ಬಣ್ಣದ 2 ರೂಪಾಯಿ, ಅಂಚಿನ ಹತ್ತಿರ ಸ್ವಲ್ಪ ನೀಲಿ ಹೊಡೆಯುತ್ತೆ. ಸ್ಟೀಲ್ ನಾಣ್ಯ ಚಿನ್ನದ ಬಣ್ಣಕ್ಕೆ ಹೇಗೆ ಬಂತೋ ದೇವರೇ ಬಲ್ಲ.

ನಮ್ಮ ಹುಡುಗ ಯೂಟ್ಯೂಬ್ ನೋಡಿ ಇವಕ್ಕೆಲ್ಲ ಲಕ್ಷಗಟ್ಟಲೆ ರೇಟು ಅಂತ ಕುಣಿತಾ ಇದಾನೆ. ನನಗೆ ಲಕ್ಷದ ಆಸೆ ಇಲ್ಲ, ಇದ್ದರೂ ಇಲ್ಲಿ ಹೇಳಲ್ಲ ಬಿಡಿ. ಯಾವುದು ಟಂಕಸಾಲೆಯಲ್ಲೇ ಆದ ತಪ್ಪು, ಯಾವುದು ಹೊರಗೆ ಬಂದ ಮೇಲೆ ಆದ ಪೆಟ್ಟು, ಅದನ್ನು ನೋಡಿ ಹೇಳೋದು ಹೇಗೆ ಅಂತ ಗೊತ್ತಿರುವವರು ತಿಳಿಸಿ. ಫೋಟೋ ಹಾಕಿದ್ದೀನಿ, ಅಷ್ಟು ಸ್ಪಷ್ಟ ಇಲ್ಲ.

ಲಕ್ಕಿ ಗೌಡ:

ಅಣ್ಣಾ ಯಾರಿಗೂ ಕೊಡಬೇಡಿ! ನಮ್ಮ ಮಾವನ ಹತ್ರ ವೈಷ್ಣೋದೇವಿ ಚಿತ್ರ ಇರೋ 10 ರೂಪಾಯಿ ಇದೆ, ಅದಕ್ಕೇ 10 ಲಕ್ಷ ಕೊಡ್ತೀವಿ ಅಂತ ವಾಟ್ಸಾಪಲ್ಲಿ ಬಂದಿತ್ತು. ಜಿಎಸ್‌ಟಿಗೆ ಅಂತ ಮೊದಲು ಸ್ವಲ್ಪ ದುಡ್ಡು ಕಟ್ಟಬೇಕಂತೆ ಅಷ್ಟೇ. ನಿಮ್ಮದು ಮಿಂಟ್ ಎರರ್, ಇನ್ನೂ ಜಾಸ್ತಿ ಬರುತ್ತೆ.

ಹಳೇ ದುಡ್ಡು:

ಗೌಡ್ರೇ, ಮೊದಲು ನಿಮ್ಮ ಮಾವನಿಗೆ ಫೋನ್ ಮಾಡಿ ಒಂದು ರೂಪಾಯಿನೂ ಕಟ್ಟಬೇಡಿ ಅಂತ ಹೇಳಿ. ವೈಷ್ಣೋದೇವಿ ನಾಣ್ಯ 2012ರಲ್ಲಿ 5 ಮತ್ತು 10 ರೂಪಾಯಿಯಲ್ಲಿ ಬಂದದ್ದು, ಚಲಾವಣೆಗೇ ಬಿಟ್ಟಿದ್ದು, ಈಗಲೂ ಸಂತೆಯಲ್ಲಿ ಸಿಗುತ್ತೆ. ಹಳೇ ನಾಣ್ಯ ನೋಟು ಕೊಳ್ತೀವಿ ಅಂತ ರಿಸರ್ವ್ ಬ್ಯಾಂಕ್ ಹೆಸರು, ಲೋಗೋ ಹಾಕಿಕೊಂಡು ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾರುವವನು ಮುಂಗಡ ಕಟ್ಟೋದು ಯಾವ ಊರಿನ ವ್ಯಾಪಾರ ಹೇಳಿ!

ಈಗ ಕಿರಾಣಿ ಅಣ್ಣಾವ್ರ ವಿಷಯ. ನಾಣ್ಯ ಕೈಗೆ ಬಂದ ತಕ್ಷಣ ‘ಇದು ಅಪರೂಪವಾ’ ಅಂತ ಕೇಳಬೇಡಿ. ‘ಇದು ಯಂತ್ರದ ಒಳಗೆ ಆಗೋಕೆ ಸಾಧ್ಯವಾ’ ಅಂತ ಕೇಳಿ. ಆಗ ಅರ್ಧಕ್ಕಿಂತ ಜಾಸ್ತಿ ನಾಣ್ಯ ಅಲ್ಲೇ ಬಿದ್ದು ಹೋಗುತ್ತವೆ. ಅದಕ್ಕೆ ನಾಣ್ಯ ಹೇಗೆ ತಯಾರಾಗುತ್ತೆ ಅಂತ ಸ್ವಲ್ಪ ಗೊತ್ತಿದ್ದರೆ ಸಾಕು. ಲೋಹದ ಉದ್ದ ಪಟ್ಟಿಯಿಂದ ದುಂಡಗಿನ ಬಿಲ್ಲೆ ಕತ್ತರಿಸುತ್ತಾರೆ. ಅದನ್ನು ಕಾಯಿಸಿ ಮೆದು ಮಾಡ್ತಾರೆ. ಅಂಚನ್ನು ಒತ್ತಿ ಸ್ವಲ್ಪ ಎತ್ತರ ಮಾಡ್ತಾರೆ, ಇದೇ ರಿಮ್. ಆಮೇಲೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತೆ. ಮೇಲೊಂದು ಅಚ್ಚು, ಕೆಳಗೊಂದು ಅಚ್ಚು, ಸುತ್ತ ಕಾಲರ್ ಅನ್ನೋ ಬಳೆ. ಒಂದೇ ಏಟಿಗೆ ಎರಡೂ ಕಡೆ ಚಿತ್ರ ಬೀಳುತ್ತೆ, ಅಂಚಿನ ಗೆರೆಗಳು ಕಾಲರ್‌ನಿಂದ ಬರುತ್ತವೆ. ನಿಮಿಷಕ್ಕೆ ನೂರಾರು ನಾಣ್ಯ ಹೊಡೆಯುವ ಯಂತ್ರ ಇದು, ತಪ್ಪು ಆಗದೇ ಇರೋಕೆ ಸಾಧ್ಯವೇ ಇಲ್ಲ. ಆದರೆ ಆಗುವ ತಪ್ಪಿಗೂ ಒಂದು ಲೆಕ್ಕ ಇದೆ.

ನಿಮ್ಮ 5 ರೂಪಾಯಿ ಬಿಲ್ಲೆ ಕತ್ತರಿಸುವಾಗಲೇ ಆದ ತಪ್ಪು ಇರಬಹುದು, ಇದನ್ನು ಕ್ಲಿಪ್ ಅಂತಾರೆ. ಮನೆಯಲ್ಲಿ ಲಟ್ಟಿಸಿದ ಹಿಟ್ಟಿನ ಮೇಲೆ ಡಬ್ಬಿ ಮುಚ್ಚಳ ಒತ್ತಿ ಪೂರಿ ಕತ್ತರಿಸುವಾಗ ಹಿಂದಿನ ಪೂರಿಯ ತೂತಿನ ಮೇಲೆ ಮುಚ್ಚಳ ಸ್ವಲ್ಪ ಬಿದ್ದರೆ ಹೊಸ ಪೂರಿಯಲ್ಲಿ ಚಂದ್ರನ ಆಕಾರದ ತುಂಡು ಇರಲ್ಲ ಅಲ್ವಾ, ಅದೇ ಇದು. ಆದರೆ ಅರದಲ್ಲಿ ಉಜ್ಜಿಯೂ ಇದೇ ಆಕಾರ ಮಾಡಬಹುದು, ಮಾಡ್ತಾರೆ ಕೂಡ. ಹಾಗಾಗಿ ಎರಡು ಜಾಗ ನೋಡಿ. ತುಂಡು ಹೋದ ಜಾಗದ ಸರಿ ಎದುರಿನ ರಿಮ್ ಮಾಸಲಾಗಿ, ತಗ್ಗಿದ ಹಾಗೆ ಇದೆಯಾ? ಇದ್ದರೆ ತುಂಬ ಒಳ್ಳೆಯ ಲಕ್ಷಣ, ಇದಕ್ಕೆ ಬ್ಲೇಕ್ಸ್‌ಲಿ ಪರಿಣಾಮ ಅಂತ ಹೆಸರು. ಇನ್ನೊಂದು, ತುಂಡು ಹೋದ ಗೆರೆಯ ಪಕ್ಕದ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅಚ್ಚು ಬೀಳುವ ಮುಂಚೆಯೇ ಬಿಲ್ಲೆ ಹಾಗೆ ಇದ್ದಿದ್ದರೆ ಲೋಹ ಖಾಲಿ ಜಾಗದ ಕಡೆ ಹರಿದು ಅಕ್ಷರದ ಕಾಲು ಎಳೆದ ಹಾಗೆ, ತೆಳ್ಳಗೆ ಕಾಣುತ್ತೆ. ಆಮೇಲೆ ಕತ್ತರಿಸಿದ್ದಾದರೆ ಅಕ್ಷರ ಪೂರ್ತಿ ಗಟ್ಟಿಯಾಗಿದ್ದು ಗೆರೆಯ ಹತ್ತಿರ ಸರಕ್ಕನೆ ನಿಂತು ಹೋಗಿರುತ್ತೆ.

ಒಂದು ಕಡೆ ಸಪಾಟಾದ 2 ರೂಪಾಯಿ ಬಗ್ಗೆ ನನಗೆ ಅನುಮಾನ ಜಾಸ್ತಿ. ಯಂತ್ರದಲ್ಲಿ ಹೀಗೆ ಆಗಬಹುದು: ಎರಡು ಬಿಲ್ಲೆ ಒಂದರ ಮೇಲೊಂದು ಕೂತು ಒಟ್ಟಿಗೆ ಏಟು ತಿಂದರೆ ಎರಡಕ್ಕೂ ಒಂದೊಂದೇ ಕಡೆ ಚಿತ್ರ ಬೀಳುತ್ತೆ. ಆಗ ಲೋಹ ಎಲ್ಲೂ ಹೋಗಿರಲ್ಲ, ತೂಕ ಪೂರ್ತಿ ಇರಬೇಕು. 2011ರಿಂದ ಬಂದ ಈ ಮಾದರಿಯ 2 ರೂಪಾಯಿ 4.85 ಗ್ರಾಂ. ಉಜ್ಜಿದ್ದಾದರೆ ತೂಕ ಸುಳ್ಳು ಹೇಳಲ್ಲ. ಸವೆದು ಹೋಗಿರಬಹುದಾ ಅಂದರೆ ಸ್ಟೀಲ್ ನಾಣ್ಯ ಇಷ್ಟು ವರ್ಷಕ್ಕೆ ಒಂದೇ ಕಡೆ ಹೀಗೆ ಸವೆಯೋದು ನಾನು ನಂಬಲ್ಲ.

1 ರೂಪಾಯಿ ಮಾತ್ರ ನನಗೆ ಇಷ್ಟವಾಯಿತು. ನಮ್ಮ ನಾಣ್ಯಗಳಲ್ಲಿ ಸಿಂಹ ನೆಟ್ಟಗಿರುವಂತೆ ಹಿಡಿದು, ತಲೆ ಮತ್ತು ಬುಡದಲ್ಲಿ ಬೆರಳಿಟ್ಟು, ಬಾಗಿಲು ತೆರೆದ ಹಾಗೆ ಪಕ್ಕಕ್ಕೆ ತಿರುಗಿಸಿದರೆ ಹಿಂದಿನ ಚಿತ್ರವೂ ನೆಟ್ಟಗೇ ಬರಬೇಕು. ಅಚ್ಚು ಹಿಡಿಕೆಯಲ್ಲಿ ಸಡಿಲವಾಗಿ ತಿರುಗಿದರೆ ಅಥವಾ ಕೂರಿಸುವಾಗಲೇ ಓರೆ ಕೂತರೆ ಒಂದು ಕಡೆ ವಾಲುತ್ತೆ. ಇದನ್ನು ಹೊರಗೆ ಯಾರೂ ಮಾಡೋಕೆ ಆಗಲ್ಲ, ಎರಡು ನಾಣ್ಯ ಅರ್ಧಕ್ಕೆ ಕೊಯ್ದು ಅಂಟಿಸಬೇಕು, 1 ರೂಪಾಯಿಗೆ ಅಷ್ಟು ಕಷ್ಟ ಯಾರು ಪಡ್ತಾರೆ. ಹತ್ತು ಹದಿನೈದು ಡಿಗ್ರಿ ವಾಲಿದ್ದಕ್ಕೆ ಬೆಲೆ ಇಲ್ಲ. ನಿಮ್ಮದು ಪೂರ್ತಿ ಅಡ್ಡ ಮಲಗಿದೆ ಅಂತೀರಿ, ಚೆನ್ನಾಗಿದೆ, ಇಟ್ಟುಕೊಳ್ಳಿ.

10 ರೂಪಾಯಿ ಮಿಂಟ್ ತಪ್ಪಲ್ಲ. ಉಂಗುರ ಮತ್ತು ಒಳಗಿನ ತಟ್ಟೆ ಎರಡಕ್ಕೂ ಒಂದೇ ಅಚ್ಚು, ಒಂದೇ ಏಟು. ತಟ್ಟೆ ಉಂಗುರದ ಮಧ್ಯ ಸರಿಯಾಗಿ ಕೂರದೆ ಪಕ್ಕಕ್ಕೆ ಸರಿದಿದ್ದರೂ ಅಕ್ಷರ ಮತ್ತು ಸಿಂಹ ಒಂದಕ್ಕೊಂದು ನೇರವಾಗಿಯೇ ಬೀಳುತ್ತವೆ. ಚಿತ್ರ ತಿರುಗಿದೆ ಅಂದರೆ ತಟ್ಟೆಯನ್ನು ಯಾರೋ ತಟ್ಟಿ ತೆಗೆದು ಮತ್ತೆ ಕೂರಿಸಿದ್ದಾರೆ. ಸಿಂಹದ ಬದಿಗೆ 10ರ ಬದಿ ಬರುವಂತೆ ಮಗುಚಿ ಕೂರಿಸಿ ಮಾರೋರೂ ಇದಾರೆ.

ಚಿನ್ನದ ಬಣ್ಣದ್ದನ್ನು ಮ್ಯಾಗ್ನೆಟ್‌ಗೆ ಹಿಡಿದು ನೋಡಿ ಹೇಳಿ, ಆಮೇಲೆ ಮಾತಾಡೋಣ.

ಪೀಣ್ಯ ಟೂಲ್‌ರೂಮ್:

ನಾನು ನಾಣ್ಯ ಸಂಗ್ರಹಿಸುವವನಲ್ಲ, ಪೀಣ್ಯದಲ್ಲಿ ಪ್ರೆಸ್ ಟೂಲ್ ಮಾಡುವವನು. ಆದರೆ ಮೇಲಿನ ಪೋಸ್ಟ್ ಓದ್ತಾ ಇದ್ದರೆ ನಮ್ಮ ಶಾಪ್ ಫ್ಲೋರಿನ ರಿಜೆಕ್ಷನ್ ಡಬ್ಬಿ ನೋಡಿದ ಹಾಗಾಯಿತು. ಕ್ಲಿಪ್ ಅನ್ನೋದು ನಮಗೆ ದಿನಾ ಕಾಣುವ ರೋಗ. ಸ್ಟ್ರಿಪ್ ಫೀಡ್ ಕಮ್ಮಿ ಬಿತ್ತು, ಪಟ್ಟಿ ಮುಂದೆ ಹೋಗಬೇಕಾದಷ್ಟು ಹೋಗಲಿಲ್ಲ, ಪಂಚ್ ಬಂದು ಹಳೇ ತೂತಿನ ಅಂಚಿನ ಮೇಲೇ ಹೊಡೀತು, ಮುಗೀತು. ಪಟ್ಟಿಯ ಕೊನೆಯಲ್ಲಿ ಹೊಡೆದರೆ ಚಂದ್ರ ಬರಲ್ಲ, ನೇರ ಗೆರೆ ಕತ್ತರಿಸಿದ ಹಾಗೆ ಬರುತ್ತೆ. ಹಾಗಾಗಿ ನೇರ ಕತ್ತರಿಸಿದ್ದು ಸಿಕ್ಕರೆ ಸುಳ್ಳು ಅಂತ ಎಸೆಯಬೇಡಿ.

ಆ ಎದುರಿನ ರಿಮ್ ಯಾಕೆ ತಗ್ಗುತ್ತೆ ಅಂತ ಯಾರೂ ಹೇಳಲಿಲ್ಲ, ನನಗೆ ಅದೇ ಮಜಾ ಅನಿಸಿತು. ರಿಮ್ ಏರಿಸುವ ಯಂತ್ರದಲ್ಲಿ ಬಿಲ್ಲೆ ಒಂದು ತಿರುಗುವ ಚಕ್ರಕ್ಕೂ ಒಂದು ನಿಂತ ಗೋಡೆಗೂ ನಡುವೆ ಸಿಕ್ಕಿ ಉರುಳಿಕೊಂಡು ಹೋಗುತ್ತೆ. ಎರಡೂ ಕಡೆಯಿಂದ ಒತ್ತಿದರೆ ತಾನೇ ಅಂಚು ಉಬ್ಬೋದು. ಕತ್ತರಿಸಿ ಹೋದ ಭಾಗ ಒಂದು ಕಡೆ ಬಂದಾಗ ಅಲ್ಲಿ ಒತ್ತೋಕೆ ಲೋಹವೇ ಇಲ್ಲ, ಹಾಗಾಗಿ ಆ ಕ್ಷಣ ಎದುರು ಕಡೆಗೂ ಒತ್ತಡ ಬೀಳಲ್ಲ, ಅಲ್ಲಿ ಅಂಚು ಉಬ್ಬಲ್ಲ. ಅರ ಹಿಡಿದು ಮನೆಯಲ್ಲಿ ಉಜ್ಜುವವನು ಇದನ್ನು ಹೇಗೆ ಮಾಡ್ತಾನೆ? ಆಗಲ್ಲ.

ಇನ್ನೊಂದು ನಮ್ಮ ಕಡೆಯ ಸೂತ್ರ ಕೊಡ್ತೀನಿ. ಅಚ್ಚಿನಲ್ಲಿ ಬಿರುಕು ಬಿಟ್ಟರೆ ಆ ಬಿರುಕಿಗೆ ಲೋಹ ತುಂಬಿಕೊಂಡು ನಾಣ್ಯದ ಮೇಲೆ ಉಬ್ಬಿದ ಗೆರೆ ಬರುತ್ತೆ. ಅಚ್ಚಿನ ತುಂಡೇ ಅಂಚಲ್ಲಿ ಒಡೆದು ಬಿದ್ದರೆ ಆ ಜಾಗದಲ್ಲಿ ನಾಣ್ಯಕ್ಕೆ ಗಡ್ಡೆ ಬರುತ್ತೆ. ಆದರೆ ಮೊಳೆ, ಬೀಗದ ಕೈ, ರಸ್ತೆಯ ಜಲ್ಲಿ ಗೀಚಿದ್ದು ಯಾವಾಗಲೂ ತಗ್ಗು. ಉಗುರಲ್ಲಿ ಸವರಿ ನೋಡಿ, ಕಣ್ಣಿಗಿಂತ ಉಗುರು ಚೆನ್ನಾಗಿ ಹೇಳುತ್ತೆ. ಗೆರೆ ಒಳಗೆ ಇಳಿದಿದ್ದರೆ ಮೊದಲು ಪೆಟ್ಟು ಅಂತಲೇ ಅನುಮಾನ ಪಡಿ.

ಆ ಚಿನ್ನದ ಬಣ್ಣದ್ದು ಬಿಸಿ ತಿಂದ ನಾಣ್ಯ ಅಂತ ನನ್ನ ಅಂದಾಜು. ಸ್ಟೇನ್‌ಲೆಸ್ ಸ್ಟೀಲ್ ವೆಲ್ಡ್ ಮಾಡಿದಾಗ ಜಾಯಿಂಟಿನ ಪಕ್ಕ ನೀಲಿ, ನೇರಳೆ, ಅದರಾಚೆ ಇದೇ ಹೊಂಬಣ್ಣ ಬರುತ್ತೆ. ಅಂಚಲ್ಲಿ ನೀಲಿ ಇದೆ ಅಂತ ನೀವೇ ಬರೆದಿದ್ದೀರಿ. ಹೋಮದ ಕುಂಡಕ್ಕೋ ಒಲೆಗೋ ಬಿದ್ದು ಎದ್ದು ಬಂದಿರಬೇಕು.

10 ರೂಪಾಯಿ ಬಗ್ಗೆ ಮಾತ್ರ ಹಳೇ ದುಡ್ಡು ಅವರ ಮಾತಿಗೆ ನನ್ನದು ಸ್ವಲ್ಪ ತಕರಾರು. ಯಾರೋ ತಟ್ಟಿ ತೆಗೆದೇ ಇರಬೇಕು ಅಂತೇನಿಲ್ಲ. ಒಳಗಿನ ತಟ್ಟೆ ಏಟಿನ ಒತ್ತಡಕ್ಕೆ ಹಿಗ್ಗಿ ಉಂಗುರಕ್ಕೆ ಕಚ್ಚಿಕೊಳ್ಳೋದು. ಆ ಹಿಡಿತ ಸರಿಯಾಗಿ ಕೂರದಿದ್ದರೆ, ಎರಡು ಸಲ ಕಲ್ಲಿನ ಮೇಲೆ ಬಿದ್ದರೆ ತಟ್ಟೆ ತಾನೇ ತಿರುಗಬಹುದು. ಮೋಸ ಅಂತ ಎಲ್ಲದಕ್ಕೂ ಹೇಳಬೇಡಿ.

ಹಳೇ ದುಡ್ಡು:

ಸರಿ ಸರ್, ತಾನೇ ತಿರುಗಿತೋ ಯಾರೋ ತಿರುಗಿಸಿದರೋ, ಆಗಿದ್ದು ಮಿಂಟ್‌ನಿಂದ ಹೊರಗೆ ಬಂದ ಮೇಲೆ ತಾನೇ. ಸಂಗ್ರಹಕಾರನಿಗೆ ಎರಡೂ ಒಂದೇ. ರಿಮ್ ವಿವರಣೆಗೆ ಮಾತ್ರ ದೊಡ್ಡ ನಮಸ್ಕಾರ, ಇಷ್ಟು ವರ್ಷ ಲಕ್ಷಣ ಗೊತ್ತಿತ್ತು, ಕಾರಣ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಎಡಿಸನ್ ಕನ್ನಡಿಗ:

ನ್ಯೂಜೆರ್ಸಿಯಿಂದ ಓದ್ತಾ ಇದೀನಿ. ಬಾಗಿಲು ತೆರೆದ ಹಾಗೆ ತಿರುಗಿಸೋ ಪರೀಕ್ಷೆ ಓದಿದ ತಕ್ಷಣ ಜೇಬಲ್ಲಿದ್ದ ಕ್ವಾರ್ಟರ್ ತೆಗೆದು ನೋಡಿದೆ, ಹಿಂದಿನದು ತಲೆಕೆಳಗೆ ಬಂತು! ಇನ್ನೊಂದು ತೆಗೆದೆ, ಅದೂ ತಲೆಕೆಳಗು. ಇಲ್ಲಿ ಎಲ್ಲವೂ ಹಾಗೇ ಇವೆ, ನಾಣ್ಯವನ್ನು ಮೇಲಿಂದ ಕೆಳಕ್ಕೆ ಮಗುಚಿದರೆ ಮಾತ್ರ ನೆಟ್ಟಗೆ ಬರುತ್ತೆ. ಅಮೆರಿಕದ ಚಿಲ್ಲರೆ ತಗೊಂಡು ಊರಿಗೆ ಬಂದವರು ಅದನ್ನು 180 ಡಿಗ್ರಿ ಎರರ್ ಅಂತ ಮಾರೋಕೆ ಹೋಗಬೇಡಿ, ಇಲ್ಲಿಯ ಪದ್ಧತಿಯೇ ಅದು.

ಹರಿಹರ ಕಿರಾಣಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಅಕ್ಕಸಾಲಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲಾ ತೂಗಿಸಿಕೊಂಡು ಬಂದೆ. ಅವರು ನಕ್ಕರು, ನಾಣ್ಯ ತೂಗೋಕೆ ಬಂದವನು ನೀನೇ ಮೊದಲು ಅಂತ.

ಚಂದ್ರ ಕಚ್ಚಿದ 5 ರೂಪಾಯಿ 5.71 ಗ್ರಾಂ ಬಂತು. ಎದುರಿನ ರಿಮ್ ನೀವು ಹೇಳಿದ ಹಾಗೇ ಇದೆ, ಉಳಿದ ಸುತ್ತೆಲ್ಲ ದಪ್ಪ ಏಣು ಇದ್ದು ಆ ಒಂದು ಬೆರಳಗಲ ಮಾತ್ರ ಬಯಲು. ಮೊದಲು ಗಮನಕ್ಕೇ ಬಂದಿರಲಿಲ್ಲ. ಸಪಾಟು 2 ರೂಪಾಯಿ 4.11. ಬಿಸಿಲಿಗೆ ಓರೆಯಾಗಿ ಹಿಡಿದರೆ ಒಂದೇ ದಿಕ್ಕಿಗೆ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ, ಆ ಕಡೆ ರಿಮ್ ಕೂಡ ಇಲ್ಲ. 1 ರೂಪಾಯಿ 3.78, 10 ರೂಪಾಯಿ 7.70. ಹೊಂಬಣ್ಣದ 2 ರೂಪಾಯಿ 4.84, ಫ್ರಿಜ್ಜಿನ ಮ್ಯಾಗ್ನೆಟ್‌ಗೆ ಪಟ್ ಅಂತ ಅಂಟಿಕೊಳ್ಳುತ್ತೆ.

ಒಂದು ಪ್ರಶ್ನೆ ಉಳಿಯಿತು. ಗಿರಾಕಿ ಒಬ್ಬರು ಇನ್ನೊಂದು 2 ರೂಪಾಯಿ ತೋರಿಸಿ, ಇದು 1 ರೂಪಾಯಿ ಬಿಲ್ಲೆ ಮೇಲೆ ಹೊಡೆದ 2 ರೂಪಾಯಿ, ಅದಕ್ಕೇ ಹಳೇ 1 ರೂಪಾಯಿ ಸೈಜಿಗೇ ಇದೆ, ಬೇಕಿದ್ದರೆ ಕೊಂಡುಕೋ ಅಂತಾರೆ. ಇಟ್ಟು ನೋಡಿದೆ, ನಿಜವಾಗಲೂ ಒಂದೇ ಸೈಜು. ಇನ್ನು ವರ್ಷದ ಕೆಳಗೆ ಚುಕ್ಕಿ ಇರೋದು, ನಕ್ಷತ್ರ ಇರೋದು, ಏನೂ ಇಲ್ಲದ್ದು ಇವೆಲ್ಲ ಎರರ್ ಲೆಕ್ಕವಾ?

ಹಳೇ ದುಡ್ಡು:

ಬ್ಲೇಕ್ಸ್‌ಲಿ ಇದೆ, ತೂಕ ಕಮ್ಮಿ ಇದೆ: 5 ರೂಪಾಯಿ ಅಸಲಿ ಕ್ಲಿಪ್. ಆ ಮಾದರಿ 6 ಗ್ರಾಂ ಇರಬೇಕು, ಹೋದ ತುಂಡಿಗೆ ಲೆಕ್ಕ ಸರಿಯಾಗುತ್ತೆ. 2 ರೂಪಾಯಿ ಗ್ರೈಂಡರ್‌ಗೆ ಹೋಗಿ ಬಂದಿದೆ, ಮುಕ್ಕಾಲು ಗ್ರಾಂ ಲೋಹ ಗಾಳಿಗೆ. 10 ರೂಪಾಯಿಯ ತೂಕ ಸರಿಯಾಗೇ ಇದೆ ನೋಡಿ, 7.71 ಇರಬೇಕಾದದ್ದು 7.70 ಇದೆ. ತೂಕ ಒಂದನ್ನೇ ನಂಬಿ ಕೂತರೆ ಹೀಗೆ ಆಗುತ್ತೆ, ಅದು ಎಲ್ಲ ಪ್ರಶ್ನೆಗೂ ಉತ್ತರ ಅಲ್ಲ. ಹೊಂಬಣ್ಣದ್ದಕ್ಕೆ ಟೂಲ್‌ರೂಮ್ ಸರ್ ಹೇಳಿದ್ದೇ ಸರಿ. ತಪ್ಪಿ ಹಳದಿ 5 ರೂಪಾಯಿಯ ಲೋಹದ ಮೇಲೆ ಹೊಡೆದಿದ್ದರೆ ಮ್ಯಾಗ್ನೆಟ್‌ಗೆ ಅಂಟುತ್ತಿರಲಿಲ್ಲ. ಬೇರೆ ಲೋಹದ ಎರರ್ ಅಂತ ಯಾರು ಏನೇ ತಂದರೂ ಮೊದಲು ಮ್ಯಾಗ್ನೆಟ್, ಆಮೇಲೆ ಮಾತು.

ನಿಮ್ಮ ಗಿರಾಕಿಯ ಕಥೆ ಕೇಳಿ ನಗು ಬಂತು, ಯಾಕಂದರೆ ಅವರು ಹೇಳಿದ ಅಳತೆ ನಿಜ. ಹಳೇ ಸ್ಟೀಲ್ 1 ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. 2011ರಲ್ಲಿ ರೂಪಾಯಿ ಚಿಹ್ನೆ ಇರುವ ಹೊಸ ಸರಣಿ ತಂದಾಗ 2 ರೂಪಾಯಿಯನ್ನು ಸರಿಯಾಗಿ ಅದೇ 25 ಮಿಲಿಮೀಟರ್, 4.85 ಗ್ರಾಂಗೆ ಇಳಿಸಿದರು, 1 ರೂಪಾಯಿಯನ್ನು 22 ಮಿಲಿಮೀಟರ್, 3.79 ಗ್ರಾಂಗೆ ಇಳಿಸಿದರು. ಲೋಹವೂ ಒಂದೇ. ಅಂದರೆ ಆ ಸರಣಿಯ ಎಲ್ಲಾ 2 ರೂಪಾಯಿಯೂ ಹಳೇ 1 ರೂಪಾಯಿ ಅಳತೆಯೇ! ಕತ್ತಲಲ್ಲಿ ಬಸ್ ಕಂಡಕ್ಟರ್ ಕೈಯಲ್ಲಿ ಎಷ್ಟು ಅದಲುಬದಲು ಆಗಿದೆಯೋ. 22 ಮಿಲಿಮೀಟರ್ ಬಿಲ್ಲೆಯ ಮೇಲೆ 2 ರೂಪಾಯಿ ಚಿತ್ರ ಅರ್ಧಂಬರ್ಧ ಬಿದ್ದಿದ್ದರೆ ಮಾತ್ರ ಅದು ಸುದ್ದಿ.

ಚುಕ್ಕಿ ನಕ್ಷತ್ರ ಎರರ್ ಅಲ್ಲ, ಅದು ಟಂಕಸಾಲೆಯ ಗುರುತು. ಚುಕ್ಕಿ ಅಂದರೆ ನೋಯ್ಡಾ, ನಕ್ಷತ್ರ ಅಂದರೆ ಹೈದರಾಬಾದ್, ವಜ್ರದ ಆಕಾರ ಅಂದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತಾ. 1985ರ 1 ರೂಪಾಯಿಯಲ್ಲಿ ವರ್ಷದ ಕೆಳಗೆ ಎಚ್ ಅಕ್ಷರ ಕಂಡರೂ ಗಾಬರಿ ಬೇಡ, ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಮಿಂಟ್‌ನಲ್ಲಿ ಹೊಡೆಸಿ ತರಿಸಿದ್ದು. 10 ರೂಪಾಯಿಯಲ್ಲಿ ಅಂಕಿಯ ಮೇಲುಗಡೆ ಹದಿನೈದು ಗೆರೆ ಇರೋದು, ಹತ್ತು ಗೆರೆ ಇರೋದು ಎರಡೂ ಸರಿ. ಹದಿನೈದು ಗೆರೆಯದ್ದು ನಡೆಯಲ್ಲ ಅಂತ ಸುದ್ದಿ ಹಬ್ಬಿದಾಗ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ, 10 ರೂಪಾಯಿಯಲ್ಲಿ 14 ವಿನ್ಯಾಸ ಇದೆ, ಎಲ್ಲವೂ ನಡೆಯುತ್ತೆ ಅಂತ ಹೇಳಿತ್ತು. ಆದರೂ ನಮ್ಮ ಕಡೆ ಎಷ್ಟು ಅಂಗಡಿಯಲ್ಲಿ ಇವತ್ತಿಗೂ ಮುಖ ತಿರುಗಿಸ್ತಾರೆ. ನೀವು ತಗೋತೀರಿ ಅಂತ ಅಂದುಕೊಂಡಿದ್ದೀನಿ.

ಹರಿಹರ ಕಿರಾಣಿ:

ನಾನು ತಗೋತೀನಿ ಸರ್, ವಾಪಸ್ ಕೊಡೋಕೆ ಹೋದರೆ ಗಿರಾಕಿಗಳೇ ತಗೊಳಲ್ಲ!

ಸಾಗರದ ಸುಮಾ:

ಮಧ್ಯೆ ಬಾಯಿ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಆನೆ ಇರುವ ದಪ್ಪ ತಾಮ್ರದ ಕಾಸು ಇದೆ. ಆನೆಯ ಸೊಂಡಿಲು ನಾಣ್ಯದಿಂದ ಹೊರಗೆ ಹೋಗಿಬಿಟ್ಟಿದೆ, ಹಿಂದೆ ಬರಹ ಅರ್ಧ ಮಾತ್ರ. ಇದೂ ಮಧ್ಯಕ್ಕೆ ಬೀಳದ ಎರರ್ ಅಂತ ಲೆಕ್ಕವೇ?

ಹಳೇ ದುಡ್ಡು:

ಅಲ್ಲ ಮೇಡಂ, ಆದರೆ ನಿಮ್ಮದು ಇಲ್ಲಿರುವ ಎಲ್ಲಕ್ಕಿಂತ ಚೆಂದದ ನಾಣ್ಯ. ಟಿಪ್ಪು ಕಾಲದಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲೂ ಆನೆಯ ತಾಮ್ರದ ನಾಣ್ಯ ಬಂದಿವೆ. ಕೆಳಗೊಂದು ಅಚ್ಚು ನೆಟ್ಟು, ಬಿಸಿ ಬಿಲ್ಲೆ ಇಟ್ಟು, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಲ್ಲಿ ಹೊಡೆದದ್ದು. ಕಾಲರ್ ಇಲ್ಲ, ಅಳತೆ ಕಣ್ಣಂದಾಜು, ಅಚ್ಚೇ ಬಿಲ್ಲೆಗಿಂತ ದೊಡ್ಡದಿರುತ್ತಿತ್ತು. ಸೊಂಡಿಲು ಹೊರಗೆ ಹೋಗೋದು, ಬರಹ ಅರ್ಧ ಬೀಳೋದು ಅಲ್ಲಿ ಮಾಮೂಲು. ಪೂರ್ತಿ ಆನೆ, ಪೂರ್ತಿ ಬರಹ ಮಧ್ಯಕ್ಕೆ ಬಿದ್ದದ್ದಕ್ಕೇ ಅಲ್ಲಿ ಬೆಲೆ ಜಾಸ್ತಿ, ಈಗಿನ ನಾಣ್ಯಕ್ಕೆ ಉಲ್ಟಾ. ಬರಹ ಕನ್ನಡದಲ್ಲಿದ್ದು ‘ಮಯಿಲಿ ಕಾಸು’ ಅಂತ ಓದೋಕೆ ಬಂದರೆ ಒಡೆಯರ ಕಾಲದ್ದು. ದಯವಿಟ್ಟು ಹುಣಸೆಹಣ್ಣು ಹಚ್ಚಿ ತೊಳೆಯಬೇಡಿ, ಆ ಕಂದು ಬಣ್ಣ ಹೋದರೆ ನಾಣ್ಯದ ಅರ್ಧ ಜೀವ ಹೋದ ಹಾಗೆ.

ಸಾಗರದ ಸುಮಾ:

ಅಯ್ಯೋ, ದೀಪಾವಳಿಗೆ ತೊಳೆಯೋಣ ಅಂತ ತೆಗೆದಿಟ್ಟಿದ್ದೆ. ಒಳ್ಳೆ ಟೈಮಿಗೆ ಹೇಳಿದ್ರಿ.

ಲಕ್ಕಿ ಗೌಡ:

ಮಾವನಿಗೆ ಹೇಳಿದೆ ಸರ್, ಇನ್ನೂ ಕಟ್ಟಿರಲಿಲ್ಲ. ನನ್ನ ಹತ್ರ ಒಂದು 1 ರೂಪಾಯಿ ಇದೆ, ಒಂದು ಕಡೆ 1 ಸರಿಯಾಗಿದೆ, ಇನ್ನೊಂದು ಕಡೆಯೂ ಅದೇ 1 ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ, ತಗ್ಗಾಗಿ ಬಿದ್ದಿದೆ. ಇದಾದರೂ ಏನಾದರೂ ಆಗುತ್ತಾ?

ಹಳೇ ದುಡ್ಡು:

ಆಹಾ, ಈಗ ಬಂದಿರಿ ನೋಡಿ. ಇದಕ್ಕೆ ಬ್ರೋಕೇಜ್ ಅಂತಾರೆ, ವ್ಯಾಪಾರಿಗಳು ಲಖಿ ಅಂತಲೂ ಕರೀತಾರೆ. ಹೊಡೆದ ನಾಣ್ಯ ಕೆಳಗೆ ಬೀಳದೆ ಅಚ್ಚಿಗೇ ಅಂಟಿಕೊಂಡು ಕೂತರೆ, ಮುಂದಿನ ಬಿಲ್ಲೆಗೆ ಆ ನಾಣ್ಯವೇ ಅಚ್ಚಾಗುತ್ತೆ. ಉಬ್ಬಿದ್ದು ತಗ್ಗಾಗಿ, ನೇರ ಇದ್ದದ್ದು ಉಲ್ಟಾ ಬೀಳುತ್ತೆ. ಅಂಟಿದ ನಾಣ್ಯ ಏಟು ತಿಂದಷ್ಟೂ ಹರಡಿಕೊಳ್ಳುತ್ತೆ, ಅದಕ್ಕೇ ಮೊದಲ ಏಟಿನದು ಚೂಪಾಗಿ, ಸರಿಯಾದ ಅಳತೆಗೆ ಇರುತ್ತೆ, ಆಮೇಲಿನವು ದೊಡ್ಡದಾಗಿ ಮಸುಕಾಗುತ್ತಾ ಹೋಗುತ್ತವೆ.

ಆದರೆ ಕುಣಿಯೋ ಮೊದಲು ಒಂದು ನೋಡಿ. ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿದು ಒತ್ತಿಯೂ ಉಲ್ಟಾ ಗುರುತು ಬರಿಸಬಹುದು. ಹಾಗೆ ಮಾಡಿದ್ದಾದರೆ ಉಲ್ಟಾ ಗುರುತಿನ ಕೆಳಗೆ ಮೊದಲಿನ ಸಿಂಹದ ಪಳೆಯುಳಿಕೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ, ಇನ್ನೊಂದು ಮುಖದ ಉಬ್ಬು ಜಜ್ಜಿ ಹೋಗಿರುತ್ತೆ. ಅಸಲಿ ಆದರೆ ಆ ಕಡೆ ಸಿಂಹದ ಸುಳಿವೇ ಇರಬಾರದು.

ಲಕ್ಕಿ ಗೌಡ:

ಸಿಂಹ ಇಲ್ಲ ಸರ್! ನೇರ ಇರೋ 1 ಕೂಡ ಹೊಸದರ ಹಾಗೆ ಚೂಪಾಗಿದೆ.

ಪೀಣ್ಯ ಟೂಲ್‌ರೂಮ್:

ಸ್ಟೀಲ್ ನಾಣ್ಯವನ್ನು ಬೆಂಚ್ ವೈಸ್‌ನಲ್ಲಿ ಅಷ್ಟು ಆಳ ಒತ್ತೋದು ಸುಲಭ ಇಲ್ಲ, ಹೈಡ್ರಾಲಿಕ್ ಪ್ರೆಸ್ಸೇ ಬೇಕು. ಅಸಲಿ ಇರುವ ಛಾನ್ಸ್ ಜಾಸ್ತಿ.

ಹರಿಹರ ಕಿರಾಣಿ:

ನೋಡಿ, ಪ್ರಶ್ನೆ ಕೇಳಿದ್ದು ನಾನು, ಲಾಟರಿ ಹೊಡೆದಿದ್ದು ಗೌಡ್ರಿಗೆ! ಇರಲಿ. ಮಾರಬೇಕು ಅನಿಸಿದರೆ ಎಲ್ಲಿಗೆ ಹೋಗೋದು? ಬ್ಯಾಂಕಲ್ಲಿ ಕೇಳಿದರೆ ತಗೊಳ್ತಾರಾ?

ಹಳೇ ದುಡ್ಡು:

ಬ್ಯಾಂಕಿಗೆ ಅದು 5 ರೂಪಾಯಿ, ಅಷ್ಟೇ. ಬೆಂಗಳೂರಲ್ಲಿ ಆಗಾಗ ನಾಣ್ಯ ಪ್ರದರ್ಶನ ನಡೆಯುತ್ತೆ, ದೇಶದ ಬೇರೆ ಬೇರೆ ಕಡೆಯ ವ್ಯಾಪಾರಿಗಳು ಟೇಬಲ್ ಹಾಕ್ತಾರೆ. ಒಬ್ಬನ ಮಾತು ಕೇಳಿ ಕೊಡಬೇಡಿ, ನಾಲ್ಕು ಟೇಬಲ್ ಸುತ್ತಿ. ನಿಮ್ಮ ಕ್ಲಿಪ್ಪಿಗೂ ಅಡ್ಡ ಮಲಗಿದ 1 ರೂಪಾಯಿಗೂ ಯಾರೂ ಲಕ್ಷ ಕೊಡಲ್ಲ, ನೂರರ ಲೆಕ್ಕದಲ್ಲಿ ಮಾತಾಡ್ತಾರೆ. ತುಂಡು ದೊಡ್ಡದಿದ್ದು ವರ್ಷ ಪೂರ್ತಿ ಕಾಣುತ್ತಿದ್ದರೆ ಸ್ವಲ್ಪ ಮೇಲೆ. ಗೌಡ್ರದ್ದು ಅದಕ್ಕಿಂತ ಮೇಲೆ, ಆದರೆ ಕೈಯಲ್ಲಿ ಹಿಡಿದು ನೋಡದೆ ನಾನು ಅಂಕಿ ಹೇಳಲ್ಲ.

ಅಲ್ಲಿವರೆಗೆ ಗಲ್ಲಾ ಡಬ್ಬಿಯಲ್ಲಿ ಬೇರೆ ನಾಣ್ಯಗಳ ಜೊತೆ ಗಲಗಲ ಅನ್ನಿಸಬೇಡಿ. ಎರಡು ರಟ್ಟಿನ ನಡುವೆ ಪ್ಲಾಸ್ಟಿಕ್ ಕಿಟಕಿ ಇರುವ ಕಾಯಿನ್ ಹೋಲ್ಡರ್ ಆನ್‌ಲೈನಲ್ಲಿ ಸಿಗುತ್ತೆ, ಅದರಲ್ಲಿ ಹಾಕಿ ಅಂಚಲ್ಲಿ ಪಿನ್ ಹೊಡೆಯಿರಿ. ಹಿಡಿಯೋದು ಅಂಚಲ್ಲಿ, ಮುಖ ಮುಟ್ಟಬೇಡಿ. ಆಮೇಲೆ ಹುಡುಗನಿಗೆ ಹೇಳಿ, ಯೂಟ್ಯೂಬ್ ನೋಡಿ ಮನೆಯಲ್ಲಿ ಎರರ್ ತಯಾರಿಸೋಕೆ ಕೂರಬೇಡ ಅಂತ. ನಾಣ್ಯ ಕರಗಿಸೋದು, ಹಾಳು ಮಾಡೋದು 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ. ಫೋಟೋ ಮತ್ತೆ ಹಾಕೋದಾದರೆ ಫ್ಲ್ಯಾಶ್ ಆಫ್ ಮಾಡಿ, ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ಇಟ್ಟು ತೆಗೀರಿ, ಆ ಬಯಲಾದ ರಿಮ್ ನನಗೂ ನೋಡಬೇಕು.